ಹೆಸರು ಬಿದ್ದ ಬಟ್ಟಲು

ಬೆಟ್ಟಮ್ಮನವರ ಪಾತ್ರೆ ಅಂಗಡಿಯಲ್ಲಿ ಏನೇ ಕೊಂಡರೂ ಕೊನೆಗೊಂದು ಚಮಚ ಕೊಸರು ಸಿಗುತ್ತದೆ. ಕುಕ್ಕರ್ ಕೊಂಡವರಿಗೂ ಒಂದು ಚಮಚ, ಒಂದೇ ಒಂದು ಲೋಟ ಕೊಂಡವರಿಗೂ ಒಂದು ಚಮಚ. ಬರೀ ಬೆಲೆ ಕೇಳಿ ಹೋಗುವವರಿಗೆ ಚಮಚವಿಲ್ಲ, ಕುಡಿಯಲು ನೀರುಂಟು. ಈ ಪದ್ಧತಿ ಶುರುವಾದದ್ದು ಅಂಗಡಿ ಇರುವ ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ, ಬೆಟ್ಟಮ್ಮ ತಲೆಯ ಮೇಲೆ ಪುಟ್ಟಿ ಹೊತ್ತು ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತಾ ಮೈಸೂರಿನ ಬೀದಿ ಬೀದಿ ತಿರುಗುತ್ತಿದ್ದ ಕಾಲದಲ್ಲಿ. ಆಮೇಲೆ ಇದ್ದ ಜಮೀನು ಬಡಾವಣೆಗೆ ಹೋಯಿತು. ಪರಿಹಾರದ ದುಡ್ಡು ಕೈಗೆ ಬಂದಾಗ ನೆಂಟರಿಷ್ಟರೆಲ್ಲ ಮೋಟಾರ್ ಬೈಕು ಕೊಂಡು ಊರು ಸುತ್ತಿದರು. ಬೆಟ್ಟಮ್ಮ ಮಾತ್ರ ರಸ್ತೆಗೆ ಮುಖ ಮಾಡಿ ಒಂದು ಅಂಗಡಿ, ಅದರ ಬೆನ್ನಿಗೆ ಒಂದು ಮನೆ ಕಟ್ಟಿಸಿದರು. ಆ ಬೈಕುಗಳೆಲ್ಲ ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಅಂಗಡಿ ಇದೆ.

ಈಗ ವ್ಯಾಪಾರ ನೋಡಿಕೊಳ್ಳುವುದು ಮಗ ಸಿದ್ದರಾಜು. ಬೆಟ್ಟಮ್ಮ ತಿಂಡಿ ಮುಗಿಸಿ ಬಂದು ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಚಮಚದ ಡಬ್ಬ ಇಟ್ಟುಕೊಂಡು ಕೂರುತ್ತಾರೆ. ಬಿಲ್ಲು ಮಗನದು, ಕೊಸರು ತಾಯಿಯದು. ಪಾತ್ರೆಗಳ ಮೇಲೆ ಹೆಸರು ಹಾಕುವುದು ಮೊಮ್ಮಗ ಸುನಿಲನ ಕೆಲಸ. ಗುಂಯ್‌ಗುಡುವ ಸಣ್ಣ ಮಿಷನ್ ಹಿಡಿದು ಅವನು ಅಕ್ಷರ ಕೆತ್ತಲು ಕೂತರೆ ಮುತ್ತು ಪೋಣಿಸಿದ ಹಾಗೆ ಬರುತ್ತದೆ. ಹೆಸರು ಹಾಕಿಸುವುದಕ್ಕೆಂದೇ ದೂರದ ಕುವೆಂಪುನಗರದಿಂದ ಬರುವವರಿದ್ದಾರೆ.

ಕಾರ್ಡ್ ಉಜ್ಜುವ ಮಿಷನ್ ತಂದವನೂ ಸುನಿಲನೇ. ರಿಂಗ್ ರೋಡಿನಲ್ಲಿ ಮೂರು ಅಂತಸ್ತಿನ ಪಾತ್ರೆ ಅಂಗಡಿ ತೆರೆದ ಮೇಲೆ ಮದುವೆ ಗಿರಾಕಿಗಳು "ಕಾರ್ಡ್ ತಗೋತೀರಾ?" ಎಂದು ಕೇಳಿ, ಇಲ್ಲವೆಂದರೆ ಅತ್ತ ಹೊರಡುತ್ತಿದ್ದರು.

ಸಿದ್ದರಾಜುಗೆ ಮನಸ್ಸಿರಲಿಲ್ಲ. "ತಂದ್ಕೋ. ಆದ್ರೆ ಅದ್ರಿಂದ ಅಂಗಡಿಗೆ ಒಂದು ಪೈಸಾ ಲುಕ್ಸಾನಾಗ್ಬಾರ್ದು."

"ಆಗಲ್ಲಪ್ಪ. ಮಾತು ಕೊಡ್ತೀನಿ," ಎಂದ ಸುನಿಲ್.

ಮೊದಲ ತಿಂಗಳೇ ಗೊತ್ತಾಯಿತು, ಕ್ರೆಡಿಟ್ ಕಾರ್ಡಿನ ಪ್ರತಿ ನೂರಕ್ಕೆ ಬ್ಯಾಂಕಿನವರು ಎರಡು ರೂಪಾಯಿ ಹಿಡಿದುಕೊಂಡೇ ಕೊಡುತ್ತಾರೆ. ತೂಕದ ಮೇಲೆ ಮಾರುವ ಸ್ಟೀಲಿನಲ್ಲಿ ಲಾಭವೇ ಅಷ್ಟಕ್ಕಷ್ಟೆ. ಅಪ್ಪನಿಗೆ ಹೇಳಿದರೆ ಮಾತು ತಪ್ಪಿದ ಹಾಗೆ. ಹೇಳದೆ ಸುಮ್ಮನಿದ್ದರೆ ಲುಕ್ಸಾನು. ಸುನಿಲ್ ಒಂದು ಉಪಾಯ ಮಾಡಿದ. ಕಾರ್ಡ್ ಕೊಟ್ಟವರ ಬಿಲ್ಲಿಗೆ ಆ ಎರಡು ರೂಪಾಯಿಯನ್ನು ತಾನೇ ಸೇರಿಸಿ ಮಿಷನ್ನಿನಲ್ಲಿ ಒತ್ತತೊಡಗಿದ. ಕೇಳಿದವರಿಗೆ ಹೇಳುತ್ತಿದ್ದ. ಹೆಚ್ಚಿನವರು ಕೇಳುತ್ತಲೇ ಇರಲಿಲ್ಲ.

ಅವನ ಹೆಂಡತಿ ಅನು ಒಮ್ಮೆ ಅಂದಳು, "ರೀ, ಒಂದು ಬೋರ್ಡಾದ್ರೂ ಹಾಕ್ಬಾರ್ದಾ?"

"ಬೋರ್ಡ್ ಹಾಕಿದ್ರೆ ಯಾರು ಬರ್ತಾರೆ? ಎಲ್ಲಾ ಅಂಗಡಿಯವ್ರೂ ಹಿಂಗೇ ಮಾಡೋದು. ಸುಮ್ನಿರು."

ಹೀಗಿರುವಾಗ ದಟ್ಟಗಳ್ಳಿಯ ಕೃಷ್ಣಸ್ವಾಮಿಯವರ ಬಟ್ಟಲುಗಳು ಸಿದ್ಧವಾದವು. ಕೃಷ್ಣಸ್ವಾಮಿ ನಿವೃತ್ತ ಸಂಸ್ಕೃತ ಮೇಷ್ಟ್ರು. ಅವರ ಹೆಂಡತಿ ಅಲಮೇಲು ಬೆಟ್ಟಮ್ಮನವರ ಪುಟ್ಟಿಯ ಕಾಲದ ಗಿರಾಕಿ. ಮೊಮ್ಮಗಳು ಸಮನ್ವಿತಾಳ ಮದುವೆಗೆ ಬಂದವರಿಗೆ ತಾಂಬೂಲದ ಜೊತೆ ಕೊಡಲು ಇನ್ನೂರೈವತ್ತು ಬಟ್ಟಲು ಹೇಳಿದ್ದರು. ಪ್ರತಿಯೊಂದರ ಮೇಲೂ 'ಸಮನ್ವಿತಾ – ಪ್ರದ್ಯುಮ್ನ' ಎಂದು ಹೆಸರಿರಬೇಕು. ಸುನಿಲ್ ವಾರವಿಡೀ ಕೂತು ಕೆತ್ತಿದ್ದ. "ಈ ವರನ ಹೆಸ್ರಲ್ಲಿ ಅದೆಷ್ಟು ಒತ್ತು ಮಾರಾಯ್ತಿ! ರವಿ, ಗಿರಿ ಅಂತ ಇರೋ ಗಂಡು ಸಿಗ್ಲಿಲ್ವಾ ಇವ್ರಿಗೆ?" ಎಂದು ಅನುವಿನ ಹತ್ತಿರ ಗೊಣಗಿದರೂ ಒಂದು ಒತ್ತೂ ಸೊಟ್ಟಗಾಗಲು ಬಿಟ್ಟಿರಲಿಲ್ಲ.

ಮೇಷ್ಟ್ರು ಬಂದ ದಿನ ಬೆಟ್ಟಮ್ಮ ಸೊಸೆ ಮಹದೇವಮ್ಮನನ್ನು ಕರೆದುಕೊಂಡು ಕಣ್ಣಿನ ಆಸ್ಪತ್ರೆಗೆ ಹೋಗಿದ್ದರು. ಸಿದ್ದರಾಜು ಸರಕು ತರಲು ಪೇಟೆಗೆ ಹೋಗಿದ್ದ. ಒಟ್ಟು ಕೊಡಬೇಕಾದದ್ದು ಇಪ್ಪತ್ತೈದು ಸಾವಿರ. ಮೇಷ್ಟ್ರು ಕಾರ್ಡ್ ಕೊಟ್ಟರು. ಸುನಿಲ್ ಮಿಷನ್ ಒತ್ತಿ ಅವರ ಮುಂದೆ ಹಿಡಿದ. ಅವರು ಪಿನ್ ಒತ್ತುವ ಮೊದಲು ಕನ್ನಡಕ ಏರಿಸಿ ನೋಡಿದರು.

"ಇಪ್ಪತ್ತೈದೂವರೆ ಇದೆಯಲ್ಲಪ್ಪ?"

"ಕಾರ್ಡಿಗೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ ಸಾರ್."

"ಆರ್ಡರ್ ಕೊಟ್ಟಾಗ ಹೇಳಲಿಲ್ಲವಲ್ಲ?"

"ಎಲ್ಲಾ ಕಡೆನೂ ಇದೆ ಸಾರ್."

"ಎಲ್ಲಾ ಕಡೆಯ ಮಾತು ಬಿಡು. ಐನೂರು ರೂಪಾಯಿ ನನಗೆ ದೊಡ್ಡದಲ್ಲ. ನಾನು ಕನ್ನಡಕ ಏರಿಸದೇ ಇದ್ದಿದ್ದರೆ ನೀನು ಹೇಳುತ್ತಿದ್ದೆಯಾ? ಅದನ್ನು ಹೇಳು."

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಗಿರಾಕಿಗಳಿದ್ದರು. ಎಲ್ಲರೂ ಇತ್ತಲೇ ನೋಡುತ್ತಿದ್ದರು. ಸುನಿಲನ ಕಿವಿ ಕೆಂಪಗಾಯಿತು. "ಬೇಕಾದ್ರೆ ತಗೊಳ್ಳಿ ಸಾರ್, ಇಲ್ಲಾಂದ್ರೆ ಕ್ಯಾಶ್ ತನ್ನಿ," ಎಂದುಬಿಟ್ಟ.

ಮೇಷ್ಟ್ರು ಕಾರ್ಡನ್ನು ಜೇಬಿಗೆ ಹಾಕಿಕೊಂಡರು. "ನಿಮ್ಮ ಅಜ್ಜಿಗೆ ನಮಸ್ಕಾರ ಹೇಳು," ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಬಟ್ಟಲು ತುಂಬಿದ ಎರಡು ಮೂಟೆ ಕಟ್ಟಿದ್ದು ಕಟ್ಟಿದ ಹಾಗೆ ನಿಂತವು. ಅನು ಬಾಗಿಲವರೆಗೆ ಓಡಿದಳು. ಅಷ್ಟರಲ್ಲಿ ಅವರ ಆಟೋ ಹೊರಟಿತ್ತು.

ಅಂಗಡಿಯಲ್ಲಿ ಜಾಗ ಇಲ್ಲದ್ದಕ್ಕೆ ಮೂಟೆಗಳನ್ನು ಮನೆಯ ನಡುಮನೆಗೆ ತಂದು ಹಾಕಿದರು. ಸಂಜೆ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಬಂದ ಬೆಟ್ಟಮ್ಮ ಅದೇ ಮೂಟೆಯನ್ನು ಎಡವಿದರು. ಏನು ಎತ್ತ ಎಂದು ಕೇಳಿದರು. ಸುನಿಲ್ ಅರ್ಧ ಹೇಳಿದ. ಉಳಿದರ್ಧ ಅನುವಿನ ಮುಖ ನೋಡಿ ತಿಳಿದುಕೊಂಡರು.

"ಎಷ್ಟು ದಿನದಿಂದ ನಡೀತಾದ್ಲಾ ಇದು?"

"ಮಿಷನ್ ಬಂದಾಗಿಂದ."

"ಅಂದ್ರೆ ನಾನು ಈ ಕಡೆ ಕೂತ್ಕೊಂಡು ಚಮಚ ಕೊಡೋದು, ನೀನು ಆ ಕಡೆ ನಿಂತ್ಕೊಂಡು ಕಿತ್ಕೊಳ್ಳೋದು. ಬೋ ಚೆಂದಾಗದೆ."

"ಚಮಚ ಕೊಡೋದು ನಮ್ಮಿಷ್ಟ ಅಜ್ಜಿ. ಬ್ಯಾಂಕ್‌ನವ್ರು ನಮ್ಮನ್ನ ಕೇಳ್ದೇನೇ ಕಿತ್ಕೋತಾರೆ."

"ನೀನೂ ಅವ್ರುನ್ನ ಕೇಳ್ದೇನೇ ತಾನೇ ಕಿತ್ಕೊಂಡಿದ್ದು?"

ಸುನಿಲ್ ಎದ್ದು ಹೊರಗೆ ಹೋದ.

ಮಾರನೆಯ ದಿನದಿಂದ ಬೆಟ್ಟಮ್ಮ ಅಂಗಡಿಗೆ ಕಾಲಿಡಲಿಲ್ಲ. ಚಮಚದ ಡಬ್ಬವನ್ನೂ ಮನೆಗೆ ತಂದು ಅಡುಗೆಮನೆಯ ಅಟ್ಟಕ್ಕೆ ಸೇರಿಸಿದರು. ಗಿರಾಕಿಗಳು ಬಿಲ್ಲಿನ ದುಡ್ಡು ಕೊಟ್ಟು ಒಂದು ಗಳಿಗೆ ನಿಂತು ಖಾಲಿ ಕುರ್ಚಿಯ ಕಡೆ ನೋಡುವರು. ಸಿದ್ದರಾಜು "ಅವ್ವಂಗೆ ಹುಷಾರಿಲ್ಲ" ಎನ್ನುವನು. ಹೀಗೆ ಹೇಳಿ ಹೇಳಿ, ಕೊನೆಗೆ ಪಕ್ಕದ ಬೀದಿಯವರು ಹಣ್ಣು ಹಿಡಿದು ನೋಡಲು ಬಂದುಬಿಟ್ಟರು. ಬೆಟ್ಟಮ್ಮ ಅಂಗಳದಲ್ಲಿ ಹುಣಿಸೆಹಣ್ಣು ಕುಟ್ಟುತ್ತಿದ್ದರು.

ಭಾನುವಾರ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವ ರೂಢಿ. ಮಹದೇವಮ್ಮ ಅವರೆಕಾಳಿನ ಸಾರು, ಬಿಸಿ ಮುದ್ದೆ ಮಾಡಿದ್ದಳು. ಎರಡು ತುತ್ತು ಇಳಿಯುವಷ್ಟರಲ್ಲಿ ಸುನಿಲ್ ಮೂಟೆಗಳ ಕಡೆ ಕೈ ತೋರಿಸಿದ.

"ಅಪ್ಪ, ಆ ಮೇಷ್ಟ್ರು ಇನ್ನು ಬರಲ್ಲ. ಮೇಟಗಳ್ಳಿ ಹತ್ರ ಪಾಲಿಶ್ ಹೊಡೆಯೋ ಕಾಳಯ್ಯ ಇದ್ದಾನೆ. ಹೆಸ್ರು ಅಳಿಸ್ಕೊಡ್ತಾನೆ. ಬೇರೆ ಯಾರ್ಗಾದ್ರೂ ಮಾರೋಣ."

ಬೆಟ್ಟಮ್ಮನವರ ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಬಿತ್ತು.

"ಮದ್ವೆಯಾಗೋ ಮಕ್ಕಳ ಎಸ್ರು ಅಳಿಸ್ತೀಯೇನ್ಲಾ? ಇನ್ನೂ ತಾಳಿ ಬಿದ್ದಿಲ್ಲ, ಅಷ್ಟರಲ್ಲಿ ಅಳಿಸ್ತೀಯಾ?"

"ಸ್ಟೀಲ್ ಅಜ್ಜಿ ಅದು. ಸ್ಟೀಲ್‌ಗೇನು ಗೊತ್ತು?"

"ಸ್ಟೀಲ್‌ಗೆ ಗೊತ್ತಿಲ್ದಿದ್ರೆ ಬುಡು. ನಿಂಗೆ ಗೊತ್ತಿರ್ಬೇಕಿತ್ತು. ಎಸ್ರು ಬಿದ್ಮೇಲೆ ಪಾತ್ರೆ ನಮ್ದಲ್ಲ. ಅದು ಅವ್ರುದು. ದುಡ್ಡು ಬಂದಿರ್ಲಿ, ಬರ್ದೇ ಇರ್ಲಿ. ಇಷ್ಟು ವರ್ಷ ಒಂದು ದಿನನೂ ಬೇರೆಯವ್ರ ಎಸ್ರಿನ ಪಾತ್ರೆ ಈ ಮನೇಲಿ ರಾತ್ರಿ ಕಳೆದಿಲ್ಲ, ಗೊತ್ತಾ?"

"ಹಂಗಾದ್ರೆ ಇಪ್ಪತ್ತೈದು ಸಾವ್ರದ ಮಾಲು ಪುಕ್ಕಟೆ ಕೊಟ್‌ಬುಡು. ನಿನ್ನಂಗೆ ಇದ್ರೆ ಅಂಗಡಿ ನಡೆದಂಗೇ!"

"ನನ್ನಂಗೆ ಇದ್ದಿದ್ಕೇ ಕಣ್ಲಾ ನಡೆದಿರೋದು."

ಸಿದ್ದರಾಜು ತಲೆಯೆತ್ತದೆ ಮುದ್ದೆ ನುಂಗುತ್ತಿದ್ದ. ತಾಯಿಯ ಮಾತು ಸರಿ ಅನ್ನಿಸಿದಾಗ ಒಂದು ತುತ್ತು, ಮಗನ ಮಾತು ಸರಿ ಅನ್ನಿಸಿದಾಗ ಇನ್ನೊಂದು ತುತ್ತು. ಅವನು ಹೊಟ್ಟೆ ತುಂಬಿಸಿಕೊಂಡು ಎದ್ದ. ಉಳಿದವರು ಅರ್ಧಕ್ಕೇ ಎದ್ದರು.

ಮುಂದಿನ ವಾರ ಮನೆಯಲ್ಲಿ ಊಟ ಎರಡು ಪಂಕ್ತಿಯಾಯಿತು. ಬೆಟ್ಟಮ್ಮ ಊಟ ಮಾಡಿ ಎದ್ದ ಮೇಲೆ ಸುನಿಲ್ ಬರುವನು. ಸುನಿಲ್ ಇದ್ದರೆ ಬೆಟ್ಟಮ್ಮ ಹಸಿವಿಲ್ಲ ಎನ್ನುವರು. ಎರಡು ಸಲ ಸಾರು ಬಿಸಿ ಮಾಡಿ ಮಾಡಿ ಮಹದೇವಮ್ಮನ ಸೊಂಟ ಬಿದ್ದುಹೋಯಿತು. ಅವಳು ಹೆಚ್ಚು ಮಾತಿನವಳಲ್ಲ. ಆದರೆ ಮಾತಾಡಿದ ದಿನ ಆ ಮನೆಯಲ್ಲಿ ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಒಂದು ಬೆಳಿಗ್ಗೆ ಗಂಡ ಸ್ನಾನ ಮುಗಿಸಿ ಬಂದಾಗ ಟವೆಲ್ ಕೊಡುವ ಬದಲು ಅದನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು.

"ಒಂದು ಪೈಸಾ ಲುಕ್ಸಾನಾಗ್ಬಾರ್ದು ಅಂತ ಅವತ್ತು ಅಂದೋರು ಯಾರು?"

"ನಾನೇ ಅಂದಿದ್ದು. ಅದ್ಕೇನೀಗ?"

"ಅದ್ಕೇ ಇದೆಲ್ಲ. ನಿಮ್ಗೆ ಕೊಟ್ಟ ಮಾತು ಉಳಿಸ್ಕೊಳ್ಳೋಕೆ ಹೋಗಿ ಹುಡುಗ ಎಲ್ರ ಕೈಲೂ ಬೈಸ್ಕೊತಾ ಇದ್ದಾನೆ. ನೀವು ನೋಡಿದ್ರೆ ಎರಡು ಪಂಕ್ತೀಲೂ ಕೂತು ಉಂಡ್ಕೊಂಡು ಆರಾಮಾಗಿದ್ದೀರಿ."

ಸಿದ್ದರಾಜು ನೆನೆದ ಮೈಯಲ್ಲಿ ಚಳಿಗೆ ನಡುಗುತ್ತಾ ಟವೆಲ್ಲಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಮಾತಾಡ್ತೀನಿ ಕಣೇ," ಎಂದ ಮೇಲೆ ಕೊಟ್ಟಳು.

ಆದರೆ ಮಾತಾಡುವವರೆಗೆ ತಡೆಯಬೇಕಲ್ಲ. ಅಂದೇ ಮಧ್ಯಾಹ್ನ ಇನ್ನೊಂದು ಎಡವಟ್ಟಾಯಿತು. ಸುನಿಲ್ ಊಟಕ್ಕೆ ಕೂತಿದ್ದ, ಕೈಗೆ ಬಟ್ಟಲು ಸಿಗದೆ ಮಹದೇವಮ್ಮ ಅವಸರದಲ್ಲಿ ಮೂಟೆಯ ಬಾಯಿಂದ ಇಣುಕುತ್ತಿದ್ದ ಒಂದನ್ನು ಎಳೆದು, ತೊಳೆದು, ಮೊಸರು ಹಾಕಿ ಅವನ ಮುಂದಿಟ್ಟಳು. ಪಾತ್ರೆ ಅಂಗಡಿಯವರ ಮನೆಯಲ್ಲಿ ಬಟ್ಟಲಿಗೆ ಬರ! ಸುನಿಲ್ ಅದನ್ನು ಬಾಯಿಗೆತ್ತಬೇಕು, ಅಷ್ಟರಲ್ಲಿ ಹಜಾರದಲ್ಲಿ ಮಲಗಿದ್ದ ಬೆಟ್ಟಮ್ಮ ಅದೆಲ್ಲಿಂದ ಶಕ್ತಿ ಬಂತೋ, ಎದ್ದು ಬಂದು ಅವನ ಕೈಯಿಂದ ಬಟ್ಟಲು ಕಿತ್ತುಕೊಂಡರು. ಮೊಸರೆಲ್ಲ ಅವನ ಅಂಗಿಯ ಮೇಲೆ ಚೆಲ್ಲಿತು.

"ಬೇರೆಯವ್ರ ಮದ್ವೆ ಬಟ್ಟಲಲ್ಲಿ ಉಣ್ತೀಯಾ? ಅವ್ರಿನ್ನೂ ಕೊಟ್ಟಿಲ್ಲ ಕಣ್ಲಾ ನಿಂಗೆ!"

"ಅತ್ತೆ, ತಪ್ಪು ನಂದು. ಅವನು ನೋಡ್ಲಿಲ್ಲ," ಎಂದಳು ಮಹದೇವಮ್ಮ.

"ಇನ್ನು ಇದು ತಾಂಬೂಲಕ್ಕೆ ಬರಲ್ಲ. ಒಂದು ಕಮ್ಮಿ ಆಯ್ತು. ಒಸ ಬಟ್ಟಲಿಗೆ ಎಸ್ರು ಹಾಕು ಕಣ್ಲಾ, ಲೆಕ್ಕ ತುಂಬಿಸು."

ಸುನಿಲನ ಸಹನೆ ಅಲ್ಲಿಗೆ ಮುಗಿಯಿತು. "ಲೆಕ್ಕ ತುಂಬಿಸ್ತೀನಿ ನೋಡು," ಎಂದು ಆ ಬಟ್ಟಲನ್ನೇ ಎತ್ತಿಕೊಂಡ. "ಮೊದ್ಲು ಇದನ್ನೇ ಪಾಲಿಶ್ ಹೊಡೆಸ್ಕೊಂಡು ಬರ್ತೀನಿ. ನಾಳೆ ಮಿಕ್ಕಿದ್ದೆಲ್ಲ." ಮೊಸರಿನ ಅಂಗಿಯಲ್ಲೇ ಸ್ಕೂಟರ್ ಹತ್ತಿ ಹೊರಟುಹೋದ.

ಕಾಳಯ್ಯನ ಶೆಡ್ಡಿನಲ್ಲಿ ಚಕ್ರ ತಿರುಗುತ್ತಿತ್ತು. ಅವನು ಮೂಗಿಗೆ ಕಟ್ಟಿದ್ದ ಬಟ್ಟೆ ಇಳಿಸಿ, ಬಟ್ಟಲನ್ನು ಬೆಳಕಿಗೆ ಹಿಡಿದು ಹೆಸರು ಓದಿದ. "ಅಯ್ಯೋ ಪಾಪ. ಮದ್ವೆ ಮುರ್‍ದೋಯ್ತಾ?"

"ಇಲ್ವಲ್ಲ. ಯಾಕೆ?"

"ಮತ್ಯಾಕೆ ಅಳಿಸೋಕ್ ತಂದೆ? ವರ್ಷಕ್ಕೊಂದೆರಡು ಬರ್ತವೆ ನಂಗೆ ಇಂಥವು. ಹೆಣ್ಣಿನ ಕಡೆಯೋರು ತರ್ತಾರೆ. ಅಪ್ಪನೋ ಅಣ್ಣನೋ ತಂದು ಇಟ್ಟು, ಆ ಕಡೆ ತಿರುಗಿ ನಿಂತ್ಕೊತಾರೆ. ನಾನೂ ಮಾತಾಡ್ಸಕ್ ಹೋಗಲ್ಲ." ಚಕ್ರದ ಕಡೆ ತಿರುಗಿದ. "ಇರ್ಲಿ, ನಮಗ್ಯಾಕೆ. ಹೊಡೀಲಾ?"

ಬಟ್ಟಲು ಚಕ್ರದ ಹತ್ತಿರ ಹೋಯಿತು. ಸುನಿಲ್ ನೋಡುತ್ತಿದ್ದ. ಅವನೇ ಹಗಲೆಲ್ಲ ಬೆನ್ನು ಬಗ್ಗಿಸಿ ಕೂತು ಕೆತ್ತಿದ ಅಕ್ಷರಗಳು. ದಕಾರದ ಕೆಳಗಿನ ಯಕಾರದ ಒತ್ತು ಎಷ್ಟು ಚೆನ್ನಾಗಿ ಬಂದಿತ್ತು!

"ಬೇಡ, ಬೇಡ. ಕೊಡಿ ಇಲ್ಲಿ," ಎಂದು ಕೈ ಚಾಚಿದ.

ಸಂಜೆ ಮನೆಗೆ ಬಂದವನು ಬಟ್ಟಲನ್ನು ತೊಳೆದು, ಒರೆಸಿ, ದೇವರ ಗೂಡಿನಲ್ಲಿ ಚಾಮುಂಡಿಯ ಪಟದ ಪಕ್ಕ ಇಟ್ಟ. ಬೆಳಿಗ್ಗೆ ದೀಪ ಹಚ್ಚಲು ಹೋದ ಬೆಟ್ಟಮ್ಮ ಅದನ್ನು ಕಂಡರು. ಎತ್ತಿ ತಿರುಗಿಸಿ ನೋಡಿದರು. ಹೆಸರು ಇದ್ದ ಹಾಗೇ ಇತ್ತು. ಅವರು ಅದರ ಅಂಚಿಗೆ ಒಂದಿಷ್ಟು ಕುಂಕುಮ ಹಚ್ಚಿ ಇದ್ದಲ್ಲಿಯೇ ಇಟ್ಟರು. ಮೊಮ್ಮಗನಿಗೆ ಏನೂ ಹೇಳಲಿಲ್ಲ. ಆ ಮನೆಯವರ ಬಿಗುಮಾನವೇ ಅಂಥದ್ದು.

ಸಿದ್ದರಾಜು ಹೆಂಡತಿಗೆ ಕೊಟ್ಟ ಮಾತನ್ನು ಅಂಗಡಿಯ ಷಟರ್ ಎತ್ತುವಾಗ ಉಳಿಸಿಕೊಂಡ. ಮಗ ಆ ಕಡೆ, ತಾನು ಈ ಕಡೆ ಹಿಡಿದು ಎತ್ತುತ್ತಿದ್ದಾಗ, ಮುಖ ನೋಡದೆ ಹೇಳುವುದು ಸುಲಭವೆಂದು ಆ ಹೊತ್ತನ್ನೇ ಆರಿಸಿಕೊಂಡಿರಬೇಕು.

"ಲುಕ್ಸಾನಾಗ್ಬಾರ್ದು ಅಂದಿದ್ನಲ್ಲ, ಆ ಮಾತು ನಾನು ವಾಪಸ್ ತಗೊಂಡಿದ್ದೀನಿ."

"ಅಪ್ಪ?"

"ಅಂಗಡಿ ಅಂದ್ಮೇಲೆ ಕರೆಂಟ್ ಬಿಲ್ ಕಟ್ತೀವಿ, ಲೋಡ್ ಇಳಿಸೋರಿಗೆ ಕಾಫಿ ಕೊಡ್ತೀವಿ. ಅದ್ರ ಜೊತೆ ಬ್ಯಾಂಕಿನ ಎರಡು ರೂಪಾಯಿನೂ ಒಂದು. ನೀನು ನಂಗೆ ಹೇಳಿದ್ರೆ ಅವತ್ತೇ ಹೇಳ್ತಿದ್ದೆ."

"ಹೇಳಿದ್ರೆ ಬೈತಿದ್ದೆ."

ಸಿದ್ದರಾಜು ಒಂದು ಕ್ಷಣ ಯೋಚಿಸಿದ. "ಬೈತಿದ್ದೆ. ಬೈದು ಆಮೇಲೆ ಹೇಳ್ತಿದ್ದೆ."

ಸುನಿಲನಿಗೆ ನಗು ಬಂತು. ಎಷ್ಟೋ ದಿನದ ಮೇಲೆ.

ಮದುವೆಗೆ ಇನ್ನು ನಾಲ್ಕೇ ದಿನ ಉಳಿದಿತ್ತು. ಬುಧವಾರ ಬೆಳಿಗ್ಗೆ ಬೆಟ್ಟಮ್ಮ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ಅಟ್ಟದ ಮೇಲಿಂದ ಚಮಚದ ಡಬ್ಬ ಇಳಿಸಿಕೊಂಡು ನಡುಮನೆಗೆ ಬಂದರು. "ಅನು, ಒಂದು ಆಟೋ ಕರಿ. ದಟ್ಟಗಳ್ಳಿಗೆ ಹೋಗ್ಬೇಕು."

"ಅಜ್ಜಿ, ಅವ್ರು ಬೇಡ ಅಂದ್ರೆ?"

"ಅನ್ಲಿ. ಕೊಡೋದು ನಮ್ಮ ಕೆಲ್ಸ."

ಮೂಟೆಯ ಬಾಯಿ ಬಿಗಿಯಲು ಹೋದಾಗ ಮೇಲೊಂದು ಬಟ್ಟಲು ಕಾಗದದಲ್ಲಿ ಸುತ್ತಿಟ್ಟದ್ದು ಕಂಡಿತು. ಬಿಚ್ಚಿದರೆ ಹೊಳೆಯುವ ಹೊಸ ಬಟ್ಟಲು. 'ಸಮನ್ವಿತಾ – ಪ್ರದ್ಯುಮ್ನ'. ಹೆಸರುಗಳ ಎರಡು ಬದಿಗೂ ಪುಟ್ಟ ಮಲ್ಲಿಗೆ ಮೊಗ್ಗು. ಉಳಿದ ಯಾವುದರಲ್ಲೂ ಮೊಗ್ಗು ಇರಲಿಲ್ಲ. ಬೆಟ್ಟಮ್ಮ ಅಂಗಡಿಯ ಬಾಗಿಲ ಕಡೆ ನೋಡಿದರು. ಸುನಿಲ್ ಬೆನ್ನು ಹಾಕಿ ಕೊಡಪಾನ ಜೋಡಿಸುತ್ತಿದ್ದ. ಮೂಟೆಗಳನ್ನು ಆಟೋಗೆ ಏರಿಸಿದವನು ಅವನೇ. ಬರುತ್ತೇನೆ ಎನ್ನಲಿಲ್ಲ. ಬಾ ಎಂದು ಅವರೂ ಕರೆಯಲಿಲ್ಲ.

ದಟ್ಟಗಳ್ಳಿಯ ಮನೆಯ ಮುಂದೆ ಆಗಲೇ ಚಪ್ಪರ ಹಾಕುತ್ತಿದ್ದರು. ಬಾಗಿಲು ತೆರೆದ ಅಲಮೇಲು ಬೆಟ್ಟಮ್ಮನವರ ಎರಡೂ ಕೈ ಹಿಡಿದುಕೊಂಡರು. "ಬನ್ನಿ, ಬನ್ನಿ ಬೆಟ್ಟಮ್ಮ. ಈ ವಯಸ್ಸಲ್ಲಿ ನೀವು ಬರೋದಾ? ಹೇಳಿ ಕಳಿಸಿದ್ದಿದ್ದರೆ ನಾನೇ ಬರ್ತಿದ್ದೆ."

ಮೇಷ್ಟ್ರು ಕುರ್ಚಿಯಿಂದ ಎದ್ದರು. ಮೂಟೆಗಳನ್ನು ನೋಡಿ ಮುಜುಗರಪಟ್ಟರು. "ಕೂತ್ಕೊಳ್ಳಿ. ಆದರೆ, ನೋಡಿ, ತಾಂಬೂಲಕ್ಕೆ ಬಟ್ಟೆಯ ಕೈಚೀಲ ಹೇಳಿಬಿಟ್ಟಿದ್ದೀವಿ."

ಅಲಮೇಲು ಗಂಡನ ಕಡೆ ಒಂದು ನೋಟ ಬೀರಿದರು. ಕೈಚೀಲ ಯಾರ ಯೋಚನೆಯೆಂದು ಅನುವಿಗೆ ಅದರಲ್ಲೇ ತಿಳಿಯಿತು.

ಬೆಟ್ಟಮ್ಮ ಕೂರಲಿಲ್ಲ. "ಅದು ನಿಮ್ಮಿಷ್ಟ ಸ್ವಾಮಿ. ತಾಂಬೂಲಕ್ಕೆ ಬ್ಯಾಡಾಂದ್ರೆ ಬೀದಿ ಮಕ್ಕಳಿಗೆ ಹಂಚಿ. ನಾನು ದುಡ್ಡು ಕೇಳಕ್ ಬಂದಿಲ್ಲ. ಮಕ್ಕಳ ಎಸ್ರು ಬಿದ್ದದೆ. ಇಟ್ಕೊಳ್ಳೋಕೆ ನಂಗೆ ಹಕ್ಕಿಲ್ಲ, ಅಳಿಸೋಕೆ ಕೈ ಬರಲ್ಲ. ಅವ್ರ ಮನೇಲಿ ಅವ್ರ ಎಸ್ರು ಇರ್ಲಿ ಅಂತ ತಂದ್‌ಬುಟ್ಟೆ. ನಮ್ಮ ಉಡುಗ ಅವತ್ತು ಆಡಿದ್ದು ತಪ್ಪು."

ಇಷ್ಟು ಹೇಳುವಾಗ ಆ ತಾಯಿಯ ದನಿ ಎಲ್ಲೂ ತಗ್ಗಲಿಲ್ಲ, ಎಲ್ಲೂ ಏರಲಿಲ್ಲ. ಇಪ್ಪತ್ತೈದು ಸಾವಿರದ ಮಾಲನ್ನು ಬಾಗಿಲಲ್ಲಿ ಇಟ್ಟು ಹಾಗೆ ನಿಲ್ಲಲು ಎಂಥ ಎದೆ ಬೇಕು!

ಅ‍ಷ್ಟರಲ್ಲಿ ಒಳಗಿಂದ ಕೈತುಂಬ ಅರಿಶಿನ ಬಳಿದುಕೊಂಡ ಮದುವೆ ಹುಡುಗಿ ಬಂದಳು. ಸಮನ್ವಿತಾಗೆ ಈ ಜಗಳದ ಸುಳಿವೇ ಇರಲಿಲ್ಲ. ಮೇಲಿದ್ದ ಬಟ್ಟಲನ್ನು ಎತ್ತಿಕೊಂಡು ಹೆಸರಿನ ಮೇಲೆ ಬೆರಳಾಡಿಸಿದಳು. "ತಾತ, ಬಂತಾ ಬಟ್ಟಲು? ಎಷ್ಟು ಚೆನ್ನಾಗಿದೆ, ಮೊಗ್ಗು ಬೇರೆ! ಬರಲ್ಲ ಅಂದಿದ್ರಿ? ಆ ಕೈಚೀಲ ಯಾರಿಗೆ ಬೇಕು, ನಂಗೆ ಇದೇ ಬೇಕು."

"ಆಯ್ತಮ್ಮ," ಎಂದರು ಮೇಷ್ಟ್ರು. ತಕ್ಷಣ ಬೆಟ್ಟಮ್ಮನವರ ಕಡೆ ತಿರುಗಿ, "ಪುಕ್ಕಟೆ ಮಾತ್ರ ತೆಗೆದುಕೊಳ್ಳಲ್ಲ. ಕಾರ್ಡಿನಲ್ಲೇ ಕೊಡ್ತೀನಿ. ಆ ಹುಡುಗನಿಗೆ ಮಿಷನ್ ತರೋಕೆ ಹೇಳಿ," ಎಂದರು.

ಅನು ಫೋನ್ ಮಾಡಿದಳು. "ಬೈತಾರಾ?" ಎಂದ ಸುನಿಲ್. "ಗೊತ್ತಿಲ್ಲ. ಬನ್ನಿ," ಎಂದಳು.

ಅವನು ಬರುವಷ್ಟರಲ್ಲಿ ಕಾಫಿ ಬಂತು. ಸಕ್ಕರೆ ಡಬ್ಬದಲ್ಲಿದ್ದ ಚಮಚವನ್ನು ಬೆಟ್ಟಮ್ಮ ಗುರುತಿಸಿದರು. ಹಿಡಿಯಲ್ಲಿ ದ್ರಾಕ್ಷಿ ಗೊಂಚಲಿನ ಅಚ್ಚಿದ್ದ ಹಳೆಯ ಮಾಲು, ಈಗ ಎಲ್ಲೂ ಸಿಗುವುದಿಲ್ಲ. ಅಲಮೇಲು ನಕ್ಕರು. "ನಿಮ್ಮದೇ. ಒಳಗೆ ಇನ್ನೂ ಒಂದು ರಾಶಿ ಇದೆ. ಈ ಮನೇಲಿ ದುಡ್ಡು ಕೊಟ್ಟು ಚಮಚ ಕೊಂಡಿದ್ದೇ ಇಲ್ಲ."

ಸುನಿಲ್ ಚಪ್ಪಲಿ ಬಿಟ್ಟು ಒಳಗೆ ಬಂದು, ಯಾರ ಮುಖವನ್ನೂ ನೋಡದೆ ಮಿಷನ್ ತೆಗೆದ. ಅಂಕಿ ಒತ್ತಿದ. ಬೆಟ್ಟಮ್ಮ, ಅನು ಇಬ್ಬರೂ ಅವನ ಬೆರಳನ್ನೇ ನೋಡುತ್ತಿದ್ದರು. ಮೇಷ್ಟ್ರು ಅವತ್ತಿನ ಹಾಗೆಯೇ ಕನ್ನಡಕ ಏರಿಸಿದರು.

"ಇಪ್ಪತ್ತೈದೇ ಇದೆ. ಐನೂರು ಬಿಟ್ಟುಹೋಗಿದೆ."

"ಬಿಟ್ಟುಹೋಗಿಲ್ಲ ಸಾರ್."

"ಬ್ಯಾಂಕಿನವರು ನಿನ್ನ ಹತ್ತಿರ ಹಿಡಿದುಕೊಳ್ತಾರಂತೆ. ನಾನೂ ವಿಚಾರಿಸಿದೆ. ಹಾಕಪ್ಪ, ಈಗ ನನಗೆ ಗೊತ್ತಿದ್ದೇ ಹಾಕ್ತೀಯಲ್ಲ."

"ಬೇಡ ಸಾರ್. ಅವತ್ತು ಹೇಳ್ದೇ ಹಾಕಿದ್ದು ತಪ್ಪಾಯ್ತು."

"ಮತ್ತೆ ಬ್ಯಾಂಕಿನವರದ್ದು?"

ಸುನಿಲ್ ಅಜ್ಜಿಯ ಕಡೆ ನೋಡಿದ. ಬೆಟ್ಟಮ್ಮ ಕಾಫಿ ಲೋಟ ಕೆಳಗಿಟ್ಟರು. "ಇಷ್ಟು ಜನಕ್ಕೆ ಕೊಡ್ತೀವಿ. ಬ್ಯಾಂಕ್ನೋರ್ಗೂ ಒಂದು ಚಮಚ ಕೊಸ್ರು ಅನ್ಕೊಳಿ ಸ್ವಾಮಿ."

ಮೇಷ್ಟ್ರು ಗಟ್ಟಿಯಾಗಿ ನಕ್ಕರು. ಪಿನ್ ಒತ್ತಿದರು. ಆಮೇಲೆ ಸುನಿಲನ ಭುಜ ತಟ್ಟಿ, "ನಾನೂ ಅಷ್ಟು ದುಡುಕಬಾರದಿತ್ತು ಕಣಯ್ಯಾ," ಎಂದರು.

"ಎಣಿಸಿ ತಗೊಳಿ ತಾಯಿ," ಎಂದರು ಬೆಟ್ಟಮ್ಮ, ಅಲಮೇಲುವಿಗೆ. "ಒಂದು ಒಸ್ದು. ಹಳೇದ್ರಲ್ಲಿ ಗೊತ್ತಿಲ್ದೆ ನಮ್ಮ ಸೊಸೆ ಮೊಸ್ರು ಹಾಕ್‌ಬುಟ್ಲು. ಅದು ನಮ್ಮನೆ ದೇವ್ರ ಗೂಡಲ್ಲದೆ. ನಿಮ್ಮ ಎಸ್ರು ಇರೋದು, ನಾಳೆ ಅದನ್ನೂ ಕಳಿಸ್ತೀನಿ."

"ಕಳಿಸಬೇಡಿ," ಎಂದರು ಅಲಮೇಲು. "ಇಷ್ಟು ವರ್ಷ ನೀವೇ ಕೊಸರು ಕೊಟ್ಟಿದ್ದೀರಿ. ಅದು ನಮ್ಮ ಕಡೆಯಿಂದ. ನಿಮ್ಮ ಮೊಮ್ಮಗನಿಗೆ ಕೊಸರು."

ಬೆಟ್ಟಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಈ ಔಷಧಿ ಹಾಕಿದಾಗಿಂದ ನೀರು ಬರ್ತಾನೇ ಅದೆ," ಎಂದರು. ಮದುವಣಗಿತ್ತಿಗೆ ಡಬ್ಬದಿಂದ ಚಮಚ ತೆಗೆದು ಕೊಟ್ಟರು. ಒಂದಲ್ಲ, ಹೊಸ ಸಂಸಾರಕ್ಕೆಂದು ಒಂದು ಹಿಡಿ.

ಮದುವೆಗೆ ಮನೆಯವರೆಲ್ಲ ಅಂಗಡಿ ಮುಚ್ಚಿ ಹೋದರು. ಊಟ ಮುಗಿಸಿ ಹೊರಟವರ ಕೈಯಲ್ಲೆಲ್ಲ ಸುನಿಲನ ಅಕ್ಷರಗಳಿದ್ದವು. ಒಬ್ಬರು ಬಾಗಿಲಲ್ಲೇ ನಿಂತು ಓದಿ, "ಯಾರು ಬರೆದದ್ದು?" ಎಂದು ಕೇಳಿದ್ದನ್ನು ಸಿದ್ದರಾಜು ಮನೆಗೆ ಬರುವ ದಾರಿಯುದ್ದಕ್ಕೂ ಹೇಳಿಕೊಂಡು ಬಂದ.

ಮರುದಿನ ಗಲ್ಲಾದ ಹಿಂದೆ ಅನು ಬರೆದ ಹಲಗೆ ಬಂತು: 'ಕಾರ್ಡಿಗೆ ಹೆಚ್ಚುವರಿ ದುಡ್ಡು ಇಲ್ಲ.' ಅದರ ಕೆಳಗೆ ಕುರ್ಚಿ, ಕುರ್ಚಿಯಲ್ಲಿ ಬೆಟ್ಟಮ್ಮ, ಪಕ್ಕದಲ್ಲಿ ಚಮಚದ ಡಬ್ಬ. ಮಧ್ಯಾಹ್ನ ಊಟಕ್ಕೆ ಮಹದೇವಮ್ಮ ಒಂದೇ ಪಂಕ್ತಿ ಹಾಕಿದಳು. ಮುದ್ದೆ ಮುಗಿಯಿತು, ಅನ್ನ ಬಂತು. ಮೊಸರಿನ ಹೊತ್ತಿಗೆ ಬೆಟ್ಟಮ್ಮ ಗೋಡೆ ಹಿಡಿದು ಎದ್ದು ದೇವರ ಗೂಡಿನತ್ತ ಹೋದರು. ಬಟ್ಟಲಿನ ಅಂಚಿನ ಕುಂಕುಮ ಒರೆಸಿ, ನೀರಿನಲ್ಲಿ ಜಾಲಿಸಿ ತಂದು ಸುನಿಲನ ಮುಂದಿಟ್ಟರು. ಅವನು ಬಟ್ಟಲು ನೋಡಿದ, ಅವರ ಮುಖ ನೋಡಿದ. ಕೈ ಚಾಚಲಿಲ್ಲ.

"ಮದ್ವೆ ಆಯ್ತು ಕಣ್ಲಾ. ಈಗ ಇದು ನಿಂದು. ಉಣ್ಣು."

ತಾವೇ ಸೌಟು ಹಿಡಿದು ಮೊಸರು ಹಾಕಿದರು. ಬಟ್ಟಲು ತುಂಬಿತು. ತುಂಬಿದ ಮೇಲೂ ಇನ್ನೊಂದು ಸೌಟು ಹಾಕಿದರು. ಮೊಸರು ಎರಡು ಹೆಸರುಗಳ ಮೇಲಿಂದ ಇಳಿದು ತಟ್ಟೆಗೆ ಹರಿಯಿತು. ಸುನಿಲ್ ಸಾಕು ಅನ್ನಲಿಲ್ಲ.